ತಂಗಿಯ ಕೈಗೆ ಅಕ್ಕನ ಪಟ್ಟಿ

ಫೆಬ್ರವರಿ 2

ಅಮ್ಮನಿಗೆ,

ಫೋನಿನಲ್ಲಿ ನಾವಿಬ್ಬರೂ ಒಂದೇ ಸಲ ಮಾತಾಡುತ್ತೇವೆ, ಒಬ್ಬರದು ಒಬ್ಬರಿಗೆ ಕೇಳುವುದಿಲ್ಲ. ಹೋದ ತಿಂಗಳು ನಿನ್ನ ತೂಕದ ವಿಷಯಕ್ಕೆ ಅಷ್ಟು ಜಗಳವಾದ ಮೇಲೆ, ಇನ್ನು ಕಾಗದವೇ ವಾಸಿ ಎಂದವಳು ನೀನು. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ.

ಕ್ಲಿನಿಕ್ಕಿನವರು ನಿನ್ನ ಕೈಗೆ ಕಟ್ಟಿದ, ಹೆಜ್ಜೆ ಎಣಿಸುವ ಪಟ್ಟಿಯ ಲೆಕ್ಕವನ್ನು ಮನೆಯವರಲ್ಲಿ ಒಬ್ಬರಿಗೆ ತೋರಿಸುತ್ತಾರಂತೆ. ನೀನು ನನ್ನ ನಂಬರು ಕೊಟ್ಟಿದ್ದು ನೋಡಿ ಖುಷಿಯಾಯಿತು. ಈಗ ನೀನು ನನ್ನ ಫೋನಿನೊಳಗಿದ್ದೀಯ: ಹೆಜ್ಜೆ, ಹತ್ತಿದ ಮಹಡಿ, ನಿದ್ದೆ, ಎದೆಬಡಿತ. ದಿನವಿಡೀ ಪಂಪ್ ರಿಪೇರಿ ಮಾಡುವ ನನಗೆ ಇಂಥ ಅಂಕಿಗಳೆಂದರೆ ಕಥೆ ಪುಸ್ತಕ ಇದ್ದ ಹಾಗೆ.

ಆದರೆ ನಿನ್ನೆಯ ಹೆಜ್ಜೆ ಸಾವಿರದ ಇನ್ನೂರು. ಅಮ್ಮ, ಅದು ಹಾಸಿಗೆಯಿಂದ ಬಚ್ಚಲಿಗೆ ಹೋಗಿ ಬಂದ ಲೆಕ್ಕ. ಭಾನುವಾರ ಬಿಟ್ಟು ದಿನಕ್ಕೆ ಎಂಟು ಸಾವಿರ ಆದರೆ ಮಾತ್ರ ಹಸಿರು, ಹದಿನಾರು ವಾರ ಹಸಿರಿದ್ದರೆ ಮಾತ್ರ ಮೊಣಕಾಲಿನ ಆಪರೇಷನ್ನಿಗೆ ದಿನ ಎಂದು ಡಾಕ್ಟರು ಹೇಳಿದ್ದು ನಿನಗೇ ಗೊತ್ತು. ವಾರಕ್ಕೊಂದು ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಂಡರೆ ಮುಗಿಯಲಿಲ್ಲ. ಪಟ್ಟಿ ಬಿಚ್ಚಬೇಡ.

ಚಿಕ್ಕಮ್ಮನನ್ನು ಕೇಳಿದೆ ಎಂದು ಹೇಳು.

ನಿನ್ನ ಜಗಳಗಂಟಿ ಮಗಳು


ಫೆಬ್ರವರಿ 11

ಮಗಳೇ,

ನಿನ್ನ ಕಾಗದ ಓದಿ ಮೂರು ದಿನ ಸಿಟ್ಟಿನಲ್ಲಿದ್ದೆ. ಈಗ ಇಳಿದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಬೆಳಗಿನ ನಾಲ್ಕೂವರೆಯಿಂದ ಮಧ್ಯಾಹ್ನ ಒಂದರವರೆಗೆ ನಾನು ಬೇಕರಿಯ ಹಿಟ್ಟಿನ ಕೋಣೆಯಲ್ಲಿರುತ್ತೇನೆ. ಅದರ ಬಾಗಿಲಿಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದಾರೆ: ಗಡಿಯಾರ, ಉಂಗುರ, ಬಳೆ, ದಾರ ಯಾವುದೂ ಒಳಗೆ ಬರಕೂಡದು. ಹೋದ ವರ್ಷ ಯಾರದೋ ಕಿವಿಯ ತಿರುಪು ಬನ್ನಿನೊಳಗೆ ಬೆಂದು ಗಿರಾಕಿಯ ಹಲ್ಲಿಗೆ ಸಿಕ್ಕಿತ್ತು, ಆವತ್ತಿನಿಂದ ಈ ಕಟ್ಟುನಿಟ್ಟು. ಪಟ್ಟಿಯನ್ನು ಬಿಚ್ಚಿ ಲಾಕರಿನಲ್ಲಿಟ್ಟು ಹೋಗಬೇಕು. ಎಂಟೂವರೆ ಗಂಟೆ ನಾನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತಟ್ಟೆ ಹೊರುತ್ತೇನೆ, ಅದು ಅಲ್ಲಿ ಗೊರಕೆ ಹೊಡೆಯುತ್ತಿರುತ್ತದೆ. ಮನೆಗೆ ಬಂದಾಗ ಮೊಣಕಾಲು ಬನ್ನಿನ ಹಾಗೆ ಉಬ್ಬಿರುತ್ತದೆ. ಆಮೇಲೆ ನಡೆ ಎಂದರೆ ಎಲ್ಲಿಂದ ನಡೆಯಲಿ?

ಇದನ್ನೇ ಕ್ಲಿನಿಕ್ಕಿನ ನರ್ಸಿಗೆ ಹೇಳಿದೆ. "ಪಟ್ಟಿ ಕಟ್ಟಿಲ್ಲದಾಗ ನಡೆದಿದ್ದು ಲೆಕ್ಕಕ್ಕೆ ಬರಲ್ಲಮ್ಮ. ಇನ್ನೆರಡು ವಾರ ಕೆಂಪು ಬಂದ್ರೆ ಹೆಸರು ತೆಗೀತಾರೆ. ನಿಮ್ಮ ಹಿಂದೆ ಅರವತ್ತು ಜನ ಕಾಯ್ತಿದಾರೆ" ಎಂದಳು. ಇತ್ತ ಸೂಪರ್‌ವೈಸರು ಬೇರೆ, "ದೊಡ್ಡಕ್ಕ, ಈ ವರ್ಷದೊಳಗೆ ಕಾಲು ಸರಿ ಮಾಡ್ಕೊಳ್ಳಿ. ಕೂತ್ಕೊಂಡು ಹಿಟ್ಟು ನಾದೋ ಕೆಲಸ ನನ್ನ ಹತ್ರ ಇಲ್ಲ" ಎಂದು ಎಲ್ಲರೆದುರೇ ಹೇಳಿದರು. ನೂರ ಹದಿನಾರು ಕೆಜಿ ಹೊತ್ತು ಇಪ್ಪತ್ತೆರಡು ವರ್ಷ ನಿಂತ ಕಾಲು ಇದು. ಕೆಲಸ ಹೋದರೆ ನಾನು ಏನು ಮಾಡುವವಳು ಎಂದು ನನಗೇ ಗೊತ್ತಿಲ್ಲ. ಹೆದರಿಕೆಯಾಗುತ್ತದೆ.

ನಿನ್ನ ಚಿಕ್ಕಮ್ಮ ಚೆನ್ನಾಗಿದ್ದಾಳೆ, ಎಂದಿನಂತೆ ಕಡ್ಡಿ. ಒಂದೇ ಮನೆಯಲ್ಲಿದ್ದೂ ಭಾನುವಾರ ಮಾತ್ರ ಮುಖ ನೋಡುವುದು. ನಾನು ಹೊರಡುವಾಗ ಅವಳು ಮಲಗಿರುತ್ತಾಳೆ, ಅವಳು ಊರೆಲ್ಲ ಕರೆಂಟ್ ಮೀಟರ್ ಓದಿ ಬರುವಷ್ಟರಲ್ಲಿ ನಾನು ಮಲಗಿರುತ್ತೇನೆ. ಬ್ರೆಡ್ ಡಬ್ಬಿಯ ಕೆಳಗೆ ಚೀಟಿ ಇಟ್ಟುಕೊಂಡೇ ನಮ್ಮ ಸಂಸಾರ ಸಾಗುತ್ತಿದೆ.

ಅಮ್ಮ


ಫೆಬ್ರವರಿ 17, ಬ್ರೆಡ್ ಡಬ್ಬಿಯ ಕೆಳಗಿನ ಚೀಟಿ

ಕಡ್ಡಿ,

ಚೀಟಿ ಮೇಲೆ ಇಟ್ಟಿರೋದು ನನ್ನ ಕೈಪಟ್ಟಿ. ಎಡಗೈಗೆ ಕಟ್ಕೊಂಡು ಕೆಲಸಕ್ಕೆ ಹೋಗು. ನೀನು ಹೇಗೂ ದಿನಾ ಊರು ಸುತ್ತೋಳು, ಮೆಟ್ಟಿಲು ಹತ್ತೋಳು. ಸಂಜೆ ಬಂದು ಇಲ್ಲೇ ಇಡು, ನಾನು ಎದ್ದು ಕಟ್ಕೊಂಡು ಮತ್ತೆ ಮಲಗ್ತೀನಿ. ನಾನೇನು ನಡೆಯದೆ ಮೋಸ ಮಾಡ್ತಿಲ್ಲ. ನಾನು ನಡೆದಿದ್ದನ್ನ ಅದು ಎಣಿಸ್ತಿಲ್ಲ, ನೀನು ನಡೆದಿದ್ದನ್ನ ಎಣಿಸಲಿ, ಅಲ್ಲಿಗಲ್ಲಿಗೆ ಸರಿ ಹೋಯ್ತು. ಮಗಳಿಗೆ ಹೇಳಬೇಡ.

ಅಕ್ಕ


ಅದೇ ದಿನ, ಅದೇ ಚೀಟಿಯ ಹಿಂದೆ

ಅಕ್ಕ,

ಹನ್ನೆರಡು ಸಾವಿರದ ನಾನೂರು ಹೆಜ್ಜೆ, ಮೂವತ್ತೊಂದು ಮಹಡಿ. ಒಂದೇ ದಿನಕ್ಕೆ ನೀನು ಓಟಗಾರ್ತಿ ಆಗಿಬಿಟ್ಟೆ. ಮೀಟರ್ ಓದೋಳಿಗೇ ಮೀಟರ್ ಕಟ್ಟಿದೀಯಲ್ಲ, ಇದಕ್ಕೆ ಬಿಲ್ಲು ಯಾರು ಕೊಡೋದು? ಕಟ್ಕೋತೀನಿ ಬಿಡು. ಹುಳಿ ಇದೆ, ಬಿಸಿ ಮಾಡ್ಕೊ.

ಕಡ್ಡಿ


ಮಾರ್ಚ್ 5

ಅಮ್ಮನಿಗೆ,

ಎರಡು ವಾರದಿಂದ ಒಂದು ದಿನವೂ ಕೆಂಪಿಲ್ಲ. ಕೆಲಸದ ಮಧ್ಯೆ ಫೋನ್ ತೆಗೆದು ಜೊತೆಯವರಿಗೆಲ್ಲ ತೋರಿಸಿದೆ, ನಮ್ಮಮ್ಮ ನೋಡಿ ಎಂದು. ಹೋದ ತಿಂಗಳು ನಾನು ಆಡಿದ ಮಾತಿಗೆ ನಾಚಿಕೆಯಾಗುತ್ತಿದೆ. ತಪ್ಪಾಯಿತು. ನಿನಗೆ ಇಷ್ಟು ಹಟವಿದೆ ಎಂದು ತಿಳಿದಿರಲಿಲ್ಲ.

ಒಂದೇ ಒಂದು ವಿಷಯ ಅರ್ಥವಾಗಲಿಲ್ಲ. ದಿನಕ್ಕೆ ಮೂವತ್ತು ಮಹಡಿ ಹತ್ತುತ್ತಿದ್ದೀಯ ಎಂದು ತೋರಿಸುತ್ತಿದೆ. ಆ ಮೊಣಕಾಲಿನಲ್ಲಿ ಅದು ಹೇಗೆ? ಬೇಕರಿ ಒಂದೇ ಮಹಡಿಯದಲ್ಲವೇ?

ಮಗಳು


ಮಾರ್ಚ್ 12

ಮಗಳೇ,

ತಪ್ಪಾಯಿತು ಎಂದೆಲ್ಲ ಬರೆಯಬೇಡ. ಬೇಕರಿಯ ಹಿಂದೆ ಹೊಸ ಗೋದಾಮು ಮಾಡಿದ್ದಾರೆ, ಮೇಲೆ. ಕೆಲಸ ಮುಗಿದ ಮೇಲೆ ಕಂಬಿ ಹಿಡಿದುಕೊಂಡು ನಿಧಾನವಾಗಿ ಹತ್ತಿ ಇಳಿಯುತ್ತೇನೆ. ನೋವಾಗುತ್ತದೆ, ಆದರೆ ರೂಢಿಯಾಗಿದೆ.

ತೂಕ ನೂರ ಹನ್ನೆರಡಕ್ಕೆ ಇಳಿದಿದೆ. ಇಂಜೆಕ್ಷನ್ ಹಾಕಿದ ಮೇಲೆ ಊಟ ಸೇರುವುದೇ ಇಲ್ಲ. ನರ್ಸು ಕ್ಲಿನಿಕ್ಕಿಗೆ ಬಂದವರ ಮುಂದೆಲ್ಲ ನನ್ನ ಹಸಿರು ಸಾಲು ತೋರಿಸಿ, "ಇವರನ್ನ ನೋಡಿ ಕಲೀರಿ" ಎಂದಳು. ನಾಲ್ಕು ಜನ ಚಪ್ಪಾಳೆ ತಟ್ಟಿದರು. ನಾನು ನೆಲ ನೋಡುತ್ತ ಕೂತಿದ್ದೆ. ಎಷ್ಟು ಸಂಕೋಚ ಇವರಿಗೆ ಎಂದು ಅವಳೇ ನಕ್ಕಳು.

ಅಮ್ಮ


ಏಪ್ರಿಲ್ 6

ಅಮ್ಮನಿಗೆ,

ಈ ಕಾಗದವನ್ನು ದಯವಿಟ್ಟು ಎರಡು ಸಲ ಓದು.

ನಾನು ಮೊದಲಿನಿಂದಲೂ ನಿನ್ನ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೇನೆ. ಫೆಬ್ರವರಿ ಕೊನೆಯಲ್ಲಿ ನೀನು ನಡೆಯುವಾಗ ಎದೆ ನಿಮಿಷಕ್ಕೆ ನೂರಾನಾಲ್ಕು ಸಲ ಬಡಿಯುತ್ತಿತ್ತು. ಮಾರ್ಚಿನಲ್ಲಿ ನೂರ ಹದಿನೆಂಟು. ಈ ವಾರ ನೂರ ಮೂವತ್ತೊಂದು. ನಡಿಗೆ ಹೆಚ್ಚಾಗಿಲ್ಲ, ವೇಗ ಕಮ್ಮಿಯೇ ಆಗಿದೆ. ತೂಕ ಇಳಿದವರಿಗೆ ಬಡಿತವೂ ಇಳಿಯಬೇಕು. ಅಷ್ಟೇ ನೀರೆತ್ತುವುದಕ್ಕೆ ಪಂಪು ದಿನದಿನಕ್ಕೂ ಜಾಸ್ತಿ ತಿರುಗುತ್ತಿದ್ದರೆ ನಾವು ಕಾಯುವುದಿಲ್ಲ, ಅವತ್ತೇ ಬಿಚ್ಚುತ್ತೇವೆ. ಎಲ್ಲೋ ಕಟ್ಟಿಕೊಳ್ಳುತ್ತಿದೆ ಎಂದು ಅದರ ಅರ್ಥ.

ಇನ್ನೊಂದು ವಿಚಿತ್ರ. ನಿದ್ದೆಯಲ್ಲಿ ನಿನ್ನ ಬಡಿತ ಅರವತ್ತೆಂಟು, ಒಂದು ಹೆಚ್ಚಿಲ್ಲ ಕಡಿಮೆಯಿಲ್ಲ. ಹಗಲಾದರೆ ಬೇರೆಯೇ. ಒಂದೇ ಮೀಟರಿಗೆ ಎರಡು ಪಂಪು ಜೋಡಿಸಿದ ಹಾಗೆ ಕಾಣುತ್ತದೆ.

ನಾಳೆಯೇ ಡಾಕ್ಟರ ಹತ್ತಿರ ಹೋಗು. ನಾನೂ ಅವರಿಗೆ ಬರೆದಿದ್ದೇನೆ.

ಮಗಳು


ಏಪ್ರಿಲ್ 10, ಚೀಟಿ

ಕಡ್ಡಿ,

ನಡೆಯುವಾಗ ನಿನಗೇನಾದರೂ ಆಗ್ತಾ ಇದೆಯಾ? ಎದೆಬಡಿತ ಜಾಸ್ತಿ ಅಂತ ಮಗಳು ಬರೆದಿದಾಳೆ. ಕ್ಲಿನಿಕ್ಕಿಂದಲೂ ಕರೆದಿದಾರೆ, ನನ್ನನ್ನ. ಸ್ವಲ್ಪ ನಿಧಾನ ನಡಿ. ಮೆಟ್ಟಿಲು ಹತ್ತಿದ ಮೇಲೆ ನಿಂತು ಸುಧಾರಿಸ್ಕೊ, ಆಗ ಅಂಕಿ ಇಳಿಯುತ್ತೆ.

ಅಕ್ಕ


ಅದೇ ದಿನ

ಅಕ್ಕ,

ಮೂರನೇ ಮಹಡಿ ಬರೋ ಹೊತ್ತಿಗೆ ಏದುಸಿರು ಬರುತ್ತೆ, ನಿಜ. ಐವತ್ತೆರಡು ಆಯ್ತಲ್ಲ, ಇನ್ನೇನು ಹದಿನೆಂಟರ ಹುಡುಗಿನಾ. ಬೇಸಿಗೆ ಬೇರೆ. ಮೊನ್ನೆ ಒಂದು ಮನೇಲಿ ಕುರ್ಚಿ ಕೊಟ್ಟು ಕೂರಿಸಿದ್ರು, ಮುಖ ಬಿಳಿಚಿಕೊಂಡಿದೆ ಅಂದ್ರು. ನನ್ನ ಮುಖ ಯಾವತ್ತು ಕೆಂಪಗಿತ್ತು? ನೀನು ತಲೆ ಕೆಡಿಸ್ಕೋಬೇಡ. ಡಾಕ್ಟರು ಏನಂತಾರೆ ಬರೆದಿಡು.

ಕಡ್ಡಿ


ಏಪ್ರಿಲ್ 20

ಮಗಳೇ,

ನಿಶ್ಚಿಂತೆಯಾಗಿರು. ಡಾಕ್ಟರು ಎದೆಗೆ ವೈರು ಅಂಟಿಸಿ ನೋಡಿದರು, ಯಂತ್ರದ ಮೇಲೆ ನಡೆಸಿ ನೋಡಿದರು. "ಇಷ್ಟು ತೂಕಕ್ಕೆ ಇಂಥ ಹೃದಯ ನಾನು ನೋಡೇ ಇಲ್ಲ. ಕಲ್ಲಿನ ಹಾಗಿದೆ. ಪಟ್ಟಿನೇ ಕೆಟ್ಟಿರಬೇಕು" ಎಂದರು. ಹಳೆಯದನ್ನು ಇಟ್ಟುಕೊಂಡು ಹೊಸ ಪಟ್ಟಿ ಕೊಟ್ಟಿದ್ದಾರೆ. ತೂಕ ನೂರ ಒಂಬತ್ತು. ಇನ್ನು ಏಳು ವಾರ ಹಸಿರಿದ್ದರೆ ಆಪರೇಷನ್.

ನಿನ್ನ ಪುಸ್ತಕವನ್ನು ಮುಚ್ಚಿಡು ಈಗ.

ಅಮ್ಮ


ಏಪ್ರಿಲ್ 21, ಚೀಟಿ

ಅಕ್ಕ,

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅನ್ನೋದು ಇದಕ್ಕೇ. ಎಮ್ಮೆ ಯಾರು ಅಂತ ಕೇಳಬೇಡ. ನಿನ್ನ ಚೀಟಿ ಓದಿ ಒಬ್ಬಳೇ ನಕ್ಕೆ, ಆಮೇಲೆ ನಗು ಬರಲಿಲ್ಲ. ನಿನ್ನ ಎದೆ ಕಲ್ಲಿನ ಹಾಗಿದೆ ಅಂದ್ರೆ ಆ ಅಂಕಿ ನಂದು ತಾನೆ?

ಹೊಸ ಪಟ್ಟಿ ನಾನು ಕಟ್ಕೊಳ್ಳಲ್ಲ ಅಂದ್ರೆ ಬೇಜಾರು ಮಾಡ್ಕೋತೀಯಾ? ಅದು ನೋಡ್ತಾ ಇದ್ರೆ ಒಂಥರಾ ಆಗುತ್ತೆ.

ಕಡ್ಡಿ


ಏಪ್ರಿಲ್ 22, ಚೀಟಿ

ಕಡ್ಡಿ,

ಏಳೇ ವಾರ. ಈಗ ನಿಲ್ಲಿಸಿದ್ರೆ ಇಷ್ಟು ದಿನದ್ದೆಲ್ಲ ನೀರಲ್ಲಿ ಹೋಮ. ಕ್ಲಿನಿಕ್ಕಲ್ಲೂ ಗೊತ್ತಾಗುತ್ತೆ, ಬೇಕರೀಲೂ ಗೊತ್ತಾಗುತ್ತೆ, ಮಗಳ ಮುಂದೆ ತಲೆ ಎತ್ತಿ ನಿಲ್ಲೋಕಾಗಲ್ಲ. ಡಾಕ್ಟರೇ ಹೇಳಿದಾರಲ್ಲ ಪಟ್ಟಿ ಕೆಟ್ಟಿತ್ತು ಅಂತ. ಹೊಸದು ಸರಿಯಾಗಿ ತೋರಿಸುತ್ತೆ, ನೋಡು ಬೇಕಾದ್ರೆ. ಆಪರೇಷನ್ ಆಗ್ಲಿ, ನಾನೇ ನಿನ್ನ ದೊಡ್ಡ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ನಿನಗೆ ಕೈ ಮುಗೀತೀನಿ.

ಅಕ್ಕ


ಅದೇ ದಿನ

ಆಯ್ತು. ಕೈ ಗೀ ಮುಗೀಬೇಡ, ಆಯಸ್ಸು ಕಮ್ಮಿ ಆಗುತ್ತೆ ಅಂತಾರೆ ದೊಡ್ಡವರು ಮುಗಿದ್ರೆ. ಕಟ್ಕೊಂಡೆ.

ಕಡ್ಡಿ


ಮೇ 11

ಅಮ್ಮನಿಗೆ,

ಹೊಸ ಪಟ್ಟಿಯೂ ಅದನ್ನೇ ಹೇಳುತ್ತಿದೆ. ಎರಡು ಯಂತ್ರ ಒಂದೇ ಸುಳ್ಳನ್ನು ಒಂದೇ ಥರ ಹೇಳುವುದನ್ನು ನಾನು ಕಂಡಿಲ್ಲ.

ಮೊನ್ನೆ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ನಾನು ಕೆಲಸ ಬಿಟ್ಟು ಫೋನ್ ನೋಡುತ್ತ ಕೂತೆ. ಹನ್ನೆರಡು ಹೆಜ್ಜೆ, ನಿಲುಗಡೆ. ಹದಿನಾಲ್ಕು ಹೆಜ್ಜೆ, ನಿಲುಗಡೆ. ನಿಂತಾಗಲೂ ಬಡಿತ ನೂರ ನಲವತ್ತು, ನಡುನಡುವೆ ತಾಳ ತಪ್ಪುತ್ತಿತ್ತು. ಯಾರೋ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುವುದನ್ನು ಕಣ್ಣಾರೆ ಕಂಡಂತಾಯಿತು. ಆದರೆ ಅಮ್ಮ, ಹತ್ತು ಗಂಟೆಗೆ ನೀನು ಹಿಟ್ಟಿನ ಕೋಣೆಯಲ್ಲಿರಬೇಕು. ಪಟ್ಟಿ ಲಾಕರಿನಲ್ಲಿರಬೇಕು. ನೀನೇ ಬರೆದಿದ್ದೆ, ಆ ಕಾಗದ ನನ್ನ ಮುಂದೆಯೇ ಇದೆ. ಇಷ್ಟು ದಿನ ಇದು ನನಗೆ ಹೊಳೆಯಲಿಲ್ಲವಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಸುತ್ತಿ ಬಳಸಿ ಕೇಳುವುದಿಲ್ಲ. ಪಟ್ಟಿ ನಿನ್ನ ಕೈಯಲ್ಲೇ ಇದೆಯಾ? ಬೇರೆ ಯಾರ ಕೈಯಲ್ಲಾದರೂ ಇದ್ದರೆ ನಾನು ಜಗಳವಾಡುವುದಿಲ್ಲ, ಒಂದು ಮಾತೂ ಆಡುವುದಿಲ್ಲ. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು, ಅಷ್ಟೇ.

ಮಗಳು


ಮೇ 17

ಮಗಳೇ,

ಈ ಕಾಗದ ಬರೆಯುವಾಗ ಪಟ್ಟಿ ನನ್ನ ಕೈಯಲ್ಲೇ ಇದೆ. ಬೇಕಾದರೆ ಫೋನ್ ತೆಗೆದು ನೋಡು, ಈಗ ಭಾನುವಾರ ಹನ್ನೊಂದು ಗಂಟೆ, ಬಡಿತ ಎಪ್ಪತ್ತೆರಡು. ಸೂಪರ್‌ವೈಸರು ದೊಡ್ಡ ಮನಸ್ಸು ಮಾಡಿ, ಮೇಲೊಂದು ಗ್ಲೌಸ್ ಹಾಕಿಕೊಂಡರೆ ಪಟ್ಟಿ ಇರಲಿ ಎಂದಿದ್ದಾರೆ. ಹೆತ್ತ ತಾಯಿಯ ಮೇಲೆ ಪೊಲೀಸರ ಹಾಗೆ ಕಣ್ಣಿಡುವುದನ್ನು ಇನ್ನು ಬಿಡು.

ಚಿಕ್ಕಮ್ಮ ಪಕ್ಕದಲ್ಲೇ ಮಲಗಿದ್ದಾಳೆ. ಈಚೆಗೆ ಭಾನುವಾರವೆಲ್ಲ ಮಲಗಿಯೇ ಇರುತ್ತಾಳೆ. ನಿನ್ನನ್ನು ಕೇಳಿದಳು.

ಅಮ್ಮ


ಮೇ 27, ಚೀಟಿ

ಕಡ್ಡಿ,

ಇನ್ನು ಹದಿಮೂರೇ ದಿನ. ನಾಳೆ ಯಾವ ಬೀದಿ ನಿಂದು? ಲಿಫ್ಟ್ ಇರೋ ಕಟ್ಟಡ ಮೊದಲು ಮುಗಿಸು. ಅನ್ನ ಬಿಟ್ಟು ಹೋಗಿದೀಯ, ಹಾಗೆಲ್ಲ ಬಿಡಬೇಡ.

ಅಕ್ಕ


ಅದೇ ದಿನ

ಅಕ್ಕ,

ಲಿಫ್ಟ್ ಇರೋ ಕಡೆ ಮೀಟರೆಲ್ಲ ಕೆಳಗೇ ಇರುತ್ತೆ, ನನ್ನ ಪಾಲಿಗೆ ಬರೋದೆಲ್ಲ ಮೆಟ್ಟಿಲೇ. ನಾಳೆ ಹಳೆ ಅಂಚೆ ಕಚೇರಿ ಹಿಂದಿನ ಬೀದಿ. ಎಡಗೈ ಬೆಳಗಿನಿಂದ ಜೋಮು ಹಿಡಿದಿದೆ, ಪಟ್ಟಿ ಬಿಗಿಯಾಯ್ತೇನೋ ಅಂತ ಬಲಗೈಗೆ ಕಟ್ಕೊಂಡಿದೀನಿ. ಬಲಗೈಲೂ ಎಣಿಸುತ್ತೆ, ಚಿಂತೆ ಬೇಡ.

ಕಡ್ಡಿ


ಜೂನ್ 10

ಮಗಳೇ,

ಮಣ್ಣು ಮಾಡಿದ ಮೇಲೆ ನೀನು ನನ್ನ ಹತ್ತಿರ ಕೂರಲಿಲ್ಲ. ಅದಕ್ಕೂ ಮುಂಚೆ ಚಿಕ್ಕಮ್ಮನ ಎಡಗೈಯನ್ನು ತುಂಬಾ ಹೊತ್ತು ಹಿಡಿದುಕೊಂಡಿದ್ದೆ. ಮೂರು ತಿಂಗಳ ಬಿಸಿಲಿನಲ್ಲಿ ಕಪ್ಪಾದ ಕೈಯಲ್ಲಿ ಮಣಿಕಟ್ಟಿನ ಸುತ್ತ ಬೆಳ್ಳಗೆ ಒಂದು ಸುತ್ತು ಉಳಿದಿತ್ತು. ನೀನು ಅದನ್ನು ನೋಡಿದೆ, ನನ್ನನ್ನು ನೋಡಿದೆ, ಏನೂ ಕೇಳದೆ ಹೊರಟುಹೋದೆ. ನೀನು ಕೇಳದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಮೇ ಇಪ್ಪತ್ತೆಂಟರಂದು ಹನ್ನೊಂದೂ ಮುಕ್ಕಾಲಿಗೆ ಸೂಪರ್‌ವೈಸರು ನನ್ನನ್ನು ಫೋನಿಗೆ ಕರೆದರು. ಕೈಯೆಲ್ಲ ಹಿಟ್ಟಾಗಿತ್ತು, ಅವರೇ ಕಿವಿಗೆ ಹಿಡಿದರು. ನೀನು ಅಳುತ್ತಿದ್ದೆ. "ಅಮ್ಮ, ನೀನಾ? ನೀನೇನಾ ಮಾತಾಡ್ತಿರೋದು?" ಎಂದೆ. ಆಮೇಲೆ ನೀನೇ ನಕ್ಕೆ. "ಇಪ್ಪತ್ತು ನಿಮಿಷದಿಂದ ಬಡಿತನೇ ಇಲ್ಲ ಅಂತ ತೋರಿಸ್ತಿದೆ. ನನ್ನ ಜೀವ ಹೋಗಿಬಿಟ್ಟಿತ್ತು. ಹಾಳು ಪಟ್ಟಿ ಕೆಟ್ಟಿದೆ ಅಷ್ಟೇ. ಸದ್ಯ, ನೀನಿದೀಯಲ್ಲ" ಎಂದೆ. ನನಗೂ ಹಾಗೇ ಅನ್ನಿಸಿತು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು, ಸದ್ಯ ನಾನಿದ್ದೇನೆ ಎಂದು ಸಮಾಧಾನವಾಯಿತು. ಆಮೇಲೆ ಅದು ಯಾರ ಬಡಿತ ಎಂಬುದು ತಲೆಗೆ ಬಂತು. ನಾನು ನಿನಗೆ ಏನೂ ಹೇಳದೆ ಹೊರಗೆ ಓಡಿದೆ.

ಹಳೆ ಅಂಚೆ ಕಚೇರಿಯ ಹಿಂದೆ ಒಂಬತ್ತು ಕಟ್ಟಡಗಳಿವೆ. ಆರನೆಯದರಲ್ಲಿ ಸಿಕ್ಕಳು. ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ, ಗೋಡೆಗೆ ಒರಗಿ ಕೂತಿದ್ದಳು, ಮೀಟರಿನ ಪುಸ್ತಕ ತೊಡೆಯ ಮೇಲಿತ್ತು. ಪಕ್ಕದಲ್ಲಿ ಯಾರೋ ಒಂದು ಲೋಟ ನೀರಿಟ್ಟಿದ್ದರು. ಎರಡನೇ ಮಹಡಿಯ ಮನೆಯಾಕೆ ಬಾಗಿಲಲ್ಲಿ ನಿಂತು, "ಸುಸ್ತಾಗಿದೆ ಅಂದ್ರು, ಕೂತ್ಕೊಳ್ಳಿ ಅಂದೆ, ಕಣ್ಣು ಮುಚ್ಚಿದ್ರು, ಮಲಗಿದಾರೆ ಅಂದ್ಕೊಂಡೆ" ಎಂದಳು. ನಾನು ಅವಳ ಬಲಗೈಯಿಂದ ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡೆ, ಆಮೇಲೆ ಆಂಬುಲೆನ್ಸಿಗೆ ಹೇಳಿದೆ. ಆ ಕ್ರಮದಲ್ಲೇ ಮಾಡಿದೆ, ಮಗಳೇ. ಮೊದಲು ಪಟ್ಟಿ.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು. ಹೃದಯದ ರಕ್ತನಾಳ ತಿಂಗಳುಗಟ್ಟಲೆ ಕಟ್ಟಿಕೊಳ್ಳುತ್ತ ಬಂದಿರಬೇಕು ಎಂದರು. "ಮುಂಚೆ ಏನಾದ್ರೂ ಸೂಚನೆ ಇತ್ತಾ?" ಎಂದು ಕೇಳಿದರು. ಇಲ್ಲ ಎಂದೆ. ಅವರು ಅದನ್ನೇ ಬರೆದುಕೊಂಡರು.

ಸೂಚನೆ ಇತ್ತು. ತಾರೀಖಿನ ಸಮೇತ ನಿನ್ನ ಪುಸ್ತಕದಲ್ಲಿತ್ತು. ಏಪ್ರಿಲ್ ಆರರಂದು ನೀನು ಹೇಳಿದೆ, ಇಪ್ಪತ್ತೊಂದರಂದು ಅವಳೇ ಹೇಳಿದಳು. ಒಂದು ಮಧ್ಯಾಹ್ನ ಅವಳ ಕೈ ಹಿಡಿದು ಕರೆದುಕೊಂಡು ಹೋಗಿದ್ದರೆ ಸಾಕಿತ್ತು. ಹೋದರೆ ಡಾಕ್ಟರು ಕೇಳುತ್ತಾರೆ, ಕೇಳಿದರೆ ಪಟ್ಟಿಯ ವಿಷಯ ಹೊರಬೀಳುತ್ತದೆ, ಅದಕ್ಕೆ ಹೋಗಲಿಲ್ಲ. ಅವಳಿಗೆ ಕಾಯಿಲೆ ಇದೆ ಎಂದು ಗೊತ್ತಿರಲಿಲ್ಲ ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೇನೆ, ಆದರೆ ನನಗೆ ಗೊತ್ತಿತ್ತು. ನಿನ್ನನ್ನು ಎತ್ತಿ ಆಡಿಸಿದವಳು ಅವಳು, ನಾನು ಬೇಕರಿಯಲ್ಲಿದ್ದಾಗಲೆಲ್ಲ ನಿನಗೆ ಅಮ್ಮನಾಗಿದ್ದವಳು. ನೀನು ನನ್ನ ಮುಖ ನೋಡದಿದ್ದರೆ ಅದು ನ್ಯಾಯವೇ.

ನಿನ್ನೆ ಮಧ್ಯಾಹ್ನ ಕ್ಲಿನಿಕ್ಕಿನಿಂದ ನರ್ಸು ಫೋನ್ ಮಾಡಿದ್ದಳು. ಹದಿನಾಲ್ಕು ವಾರ ಒಂದೂ ಕೆಂಪಿಲ್ಲದೆ ಮಾಡಿದವಳು ನಾನೊಬ್ಬಳೇ ಅಂತೆ. ಕೊನೆಯ ಎರಡು ವಾರ ಪಟ್ಟಿ ಖಾಲಿ ಇದ್ದದ್ದನ್ನು, ಮನೆಯಲ್ಲಿ ಸಾವಾಗಿದೆ ಎಂದು ಡಾಕ್ಟರು ಬಿಟ್ಟುಕೊಟ್ಟಿದ್ದಾರಂತೆ. "ಬರೋ ಸೋಮವಾರನೇ ಆಪರೇಷನ್ ಇಟ್ಕೊಂಡಿದಾರೆ. ಒಪ್ಪಿಗೆನಾ ಅಮ್ಮ?" ಎಂದಳು. ಎಲ್ಲ ಹೇಳಿಬಿಡಬೇಕು, ಬೇಡ ಎನ್ನಬೇಕು ಎಂದು ಬಾಯಿ ತೆರೆದೆ.

ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿದೆ.

ಅಮ್ಮ